ಲಂಡನ್‌ಗೆ ಹೊರಟ ಕಲಬುರಗಿಯ ಹೆಣ್ಣುಮಕ್ಕಳಿಗೆ: ಅಲ್ಲಿ ಯಾರ ಜೊತೆ ಕೂಡುತ್ತೀರಿ?

ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ನಾನು ಕಲಬುರಗಿಗೆ ಬರುತ್ತೇನೆ. ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ ಉಂಡು ಮನೆ ಮುಟ್ಟುವಷ್ಟರಲ್ಲಿ ಕಟ್ಟೆ ಮೇಲೆ ಇಬ್ಬರು ಮೂವರು ಹುಡುಗಿಯರು ಕಾಯುತ್ತಾ ಕೂತಿರುತ್ತಾರೆ. ಆಳಂದದವಳು ಒಬ್ಬಳು, ಸೇಡಂನವಳು ಒಬ್ಬಳು. ಇಂಗ್ಲೆಂಡಿಗೆ ಓದಲು ಹೊರಟವರು. "ಅಕ್ಕಾ, ಕುಕ್ಕರ್ ಒಯ್ಬೇಕಾ? ಅಲ್ಲಿ ಜ್ವಾಳದ ಹಿಟ್ಟು ಸಿಗ್ತದಾ?" ಎಂದು ಕೇಳುತ್ತಾರೆ. ಸಿಗುತ್ತದೆ. ಲಂಡನ್ನಿನ ವೆಂಬ್ಲಿಯ ಗುಜರಾತಿ ಅಂಗಡಿಗಳಲ್ಲಿ ಜುವಾರ್ ಎಂದು ಕೇಳಿ. ಆದರೆ ಅಲ್ಲಿ ಸಂಜೆ ಯಾರ ಜೊತೆ ಕೂಡಬೇಕು ಎಂದು ಇದುವರೆಗೆ ಒಬ್ಬಳೂ ಕೇಳಿಲ್ಲ.

ಓದಲು ಲಂಡನ್‌ಗೆ ಹೊರಟಾಗ ನಾನೂ ಕೇಳಿರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಕ್ಲಾಸು, ಬಸ್ಸು, ರೂಮು, ಅಷ್ಟೇ. ಅವ್ವನ ಫೋನ್ ಬಿಟ್ಟರೆ ವಾರಗಟ್ಟಲೆ ಯಾರ ಜೊತೆಯೂ ನಾಲ್ಕು ಮಾತು ಆಡದ ಚಳಿಗಾಲ ಅದು. ಕೊನೆಗೆ ಲೈಬ್ರರಿಯಲ್ಲಿ ಪರಿಚಯವಾದ ಹಿರಿಯ ಹೆಂಗಸೊಬ್ಬರು ನನ್ನನ್ನು ಕ್ಯಾಂಪಸ್ಸಿನ ಹೆಂಗಸರ ಬಳಗಕ್ಕೆ ಕರೆದುಕೊಂಡು ಹೋದರು. ಇಂಥ ಬಳಗಗಳು ಹೇಗೆ ಹುಟ್ಟಿದವು ಎಂಬುದನ್ನು ಅಲ್ಲೇ ಚಹಾ ಕುಡಿಯುತ್ತಾ ಮೊದಲ ಸಲ ಕೇಳಿದೆ. ನೀವೂ ತಿಳಿದುಕೊಂಡು ಹೋದರೆ ಒಳ್ಳೆಯದು. ಬಾಗಿಲಲ್ಲಿ ನಿಂತು ಅಳುಕುವುದು ಕಡಿಮೆಯಾಗುತ್ತದೆ.

ನೂರೈವತ್ತು ವರ್ಷದ ಹಿಂದಿನ ಲಂಡನ್‌ನಲ್ಲಿ ಓದಿದ ಗಂಡಸರಿಗೆ ಕ್ಲಬ್ಬುಗಳು ಬೇಕಾದಷ್ಟಿದ್ದವು. ಪಾಲ್ ಮಾಲ್ ಬೀದಿಯ ತುಂಬಾ ಅವರವೇ. ಊಟ, ಪೇಪರು, ರಾತ್ರಿ ತಂಗಲು ಕೋಣೆ, ಎಲ್ಲ ಅಲ್ಲೇ. ಹೆಂಗಸರಿಗೆ ಪ್ರವೇಶ ಇಲ್ಲ. ಹಾಗಂತ ಓದಿದ ಹೆಂಗಸರೇ ಇರಲಿಲ್ಲ ಅನ್ನಬೇಡಿ. ಕೇಂಬ್ರಿಡ್ಜಿನ ಹೆಣ್ಣುಮಕ್ಕಳ ಗರ್ಟನ್ ಕಾಲೇಜು 1869ರಲ್ಲೇ ಶುರುವಾಗಿತ್ತು. ಲಂಡನ್ ವಿಶ್ವವಿದ್ಯಾಲಯ 1878ರಲ್ಲಿ ಹೆಣ್ಣುಮಕ್ಕಳಿಗೂ ಪದವಿ ಕೊಡಲು ಒಪ್ಪಿತ್ತು. ಓದು ಮುಗಿಸಿದ ಮೇಲೆ ಅವರೆಲ್ಲ ಕೂಡಲು ಒಂದು ಜಾಗ ಮಾತ್ರ ಇರಲಿಲ್ಲ. ಗರ್ಟನ್‌ನಲ್ಲಿ ಓದಿದ ಗರ್ಟ್ರೂಡ್ ಜಾಕ್ಸನ್ ಮುಂದೆ ಬಿದ್ದು ತಮ್ಮಂಥವರನ್ನು ಸೇರಿಸಿದರು. 1886ರಲ್ಲಿ ಕ್ಲಬ್ ಹುಟ್ಟಿತು. ಮೊದಲು ನಡೆದದ್ದು ನ್ಯೂ ಬಾಂಡ್ ಸ್ಟ್ರೀಟಿನ ಬಾಡಿಗೆ ಕೋಣೆಗಳಲ್ಲಿ. ಹೆಸರು ಯೂನಿವರ್ಸಿಟಿ ಕ್ಲಬ್ ಫಾರ್ ಲೇಡೀಸ್. 1921ರಲ್ಲಿ ಅದು ಮೇಫೇರ್‌ನ ಆಡ್ಲಿ ಸ್ಕ್ವೇರ್‌ನ 2ನೇ ನಂಬರ್ ಮನೆಗೆ ಬಂತು. ಈಗಲೂ ಅಲ್ಲೇ ಇದೆ. ಹೆಸರು ಯೂನಿವರ್ಸಿಟಿ ವಿಮೆನ್ಸ್ ಕ್ಲಬ್ ಎಂದಾಗಿದೆ.

ನನ್ನ ಮನಸ್ಸಿಗೆ ಬಹಳ ತಾಗಿದ್ದು ಇನ್ನೊಂದು ಸಂಗತಿ. ಆ ಕಾಲದಲ್ಲಿ ಕೇಂಬ್ರಿಡ್ಜಿನ ಹೆಣ್ಣುಮಕ್ಕಳು ಪರೀಕ್ಷೆ ಪಾಸಾದರೂ ಪದವಿ ಸಿಗುತ್ತಿರಲಿಲ್ಲ. ಪೂರ್ಣ ಪದವಿ ಸಿಕ್ಕಿದ್ದು 1948ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ! ನಮ್ಮ ದೇಶದ ಕಾರ್ನೇಲಿಯಾ ಸೊರಾಬ್ಜಿ 1889ರಲ್ಲಿ ಆಕ್ಸ್‌ಫರ್ಡಿನ ಸಮರ್ವಿಲ್ ಕಾಲೇಜು ಸೇರಿದರು. 1892ರಲ್ಲಿ ಕಾನೂನು ಪರೀಕ್ಷೆ ಬರೆದರು. ಪದವಿ ಕೈಗೆ ಬಂದದ್ದು 1922ರಲ್ಲಿ. ಮೂವತ್ತು ವರ್ಷ! ಇಲ್ಲಿ ನಮ್ಮೂರಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು 1934ರಲ್ಲಿ. ನಮ್ಮಜ್ಜಿ ಅದನ್ನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಲಂಡನ್‌ನಲ್ಲಿ ಆ ತಾರೀಖುಗಳನ್ನು ಕೇಳುವಾಗ ಅಜ್ಜಿಯೇ ಕಣ್ಣ ಮುಂದೆ ಬಂದಳು. ಹಿಂದುಳಿದ ಕಡೆಯಿಂದ ಬಂದವರು ಎಂದು ನಾವು ಸುಮ್ನೆ ಕುಗ್ಗುತ್ತೇವೆ, ಅಲ್ವಾ? ಅಲ್ಲಿನವರೂ ಒಂದೊಂದು ಮೆಟ್ಟಿಲಿಗೂ ಜಗಳಾಡಿದವರೇ.

ಹೊಸಬರಿಗೆ ಆಸರೆ ಕೊಟ್ಟ ಕತೆಯೂ ಇದರೊಳಗಿದೆ. ಓದಿದ ಹೆಂಗಸರ ಬ್ರಿಟಿಷ್ ಒಕ್ಕೂಟ 1927ರಿಂದ ಲಂಡನ್ನಿನ ಚೆಲ್ಸಿಯ ಕ್ರಾಸ್ಬಿ ಹಾಲ್‌ನಲ್ಲಿ ಹಾಸ್ಟೆಲ್ ನಡೆಸಿತು. ಬೇರೆ ಬೇರೆ ದೇಶದಿಂದ ಸಂಶೋಧನೆಗೆ ಬಂದ ಹೆಂಗಸರು ಅಲ್ಲಿ ಉಳಿಯುತ್ತಿದ್ದರು. ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು ಬಂದ ಓದಿದ ಹೆಂಗಸರಿಗೂ ಇದೇ ಒಕ್ಕೂಟ ನೆರವಾಯಿತು. ಕ್ರಾಸ್ಬಿ ಹಾಲ್ ಈಗ ಖಾಸಗಿ ಮನೆ. ಹೊರಗಿನಿಂದಲೇ ನೋಡಬಹುದು.

ಇನ್ನು ನೀವು ಮಾಡಬೇಕಾದ್ದು. ಆಡ್ಲಿ ಸ್ಕ್ವೇರ್‌ನ ಕ್ಲಬ್ಬಿಗೆ ಸದಸ್ಯತ್ವದ ಹಣ ಕಟ್ಟಬೇಕು. ವಿದ್ಯಾರ್ಥಿಗಳ ಕೈಗೆ ಅದು ಭಾರ, ಮೊದಲೇ ಅದರ ಹಿಂದೆ ಬೀಳಬೇಡಿ. ನಿಮ್ಮ ವಿಶ್ವವಿದ್ಯಾಲಯದಲ್ಲೇ ಹುಡುಕಿ. ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಫ್ರೆಶರ್ಸ್ ವೀಕ್‌ನಲ್ಲಿ ಸಂಘಗಳೆಲ್ಲ ಟೇಬಲ್ ಹಾಕಿಕೊಂಡು ಕೂತಿರುತ್ತವೆ. ಅವತ್ತು ರೂಮಿನಲ್ಲಿ ಪಾತ್ರೆ ಜೋಡಿಸುತ್ತಾ ಕೂರಬೇಡಿ, ಹೋಗಿ ಹೆಸರು ಬರೆಸಿ. ಗಂಡನ ಪಿಎಚ್‌ಡಿಗೆಂದು ಜೊತೆಗೆ ಬಂದವರಿದ್ದರೆ, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡರಲ್ಲೂ ಮನೆಯವರನ್ನೂ ಸೇರಿಸಿಕೊಳ್ಳುವ ಹೊಸಬರ ಬಳಗಗಳಿವೆ. ಎಂಎಸ್‌ಸಿಗೆ ಬರುವವರು 2024ರ ಜನವರಿಯಿಂದ ಮನೆಯವರನ್ನು ಕರೆತರುವಂತಿಲ್ಲ. ಹಾಗಾಗಿ ಒಬ್ಬಂಟಿಯಾಗಿ ಬರುವವರೇ ಈಗ ಜಾಸ್ತಿ. ಅವರಿಗೇ ಈ ಮಾತು ಒತ್ತಿ ಹೇಳುತ್ತಿದ್ದೇನೆ.

ಒಂದೆರಡು ರೀತಿ ರಿವಾಜು ಗೊತ್ತಿರಲಿ. ನಮ್ಮಲ್ಲಿ ಹಾಗೇ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಅಲ್ಲಿ ಬರುತ್ತೀರೋ ಇಲ್ಲವೋ ಮೊದಲೇ ತಿಳಿಸಬೇಕು. ಬರುತ್ತೇನೆಂದು ತಿಳಿಸಿ ತಪ್ಪಿಸಿದರೆ ಬೇಸರ ಮಾಡಿಕೊಳ್ಳುತ್ತಾರೆ. ಮೊದಲ ದಿನ ಮಾತು ಹವಾಮಾನ ದಾಟದಿದ್ದರೆ ಇವರು ನನ್ನನ್ನು ಸೇರಿಸಿಕೊಳ್ಳಲಿಲ್ಲ ಎಂದುಕೊಳ್ಳಬೇಡಿ. ಮೂರು ಸಲವಾದರೂ ಹೋಗಿ. ನನಗೆ ಹೆಸರು ಹಿಡಿದು ಕರೆದದ್ದು ನಾಲ್ಕನೇ ಸಲ.

ಎಳ್ಳಮಾವಾಸ್ಯೆಯ ಹೊತ್ತಿಗೆ ನೀವು ಅಲ್ಲೇ ಇದ್ದರೆ ಭಜ್ಜಿ ಮಾಡಿಕೊಂಡು ಹೋಗಿ. ಹಸಿ ತೊಗರಿ ಕಾಳು ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ ತುವರ್ ಲೀಲ್ವಾ ಎಂಬ ಹೆಸರಲ್ಲಿ ಸಿಗುತ್ತದೆ. ಮೆಂತ್ಯ, ಪಾಲಕ್, ಹುಣಸೆಹಣ್ಣು ಎಲ್ಲ ಇದೆ. ಶೇಂಗಾ ಹಾಕಿದ್ದರೆ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅಲ್ಲಿ ಕೆಲವರಿಗೆ ಶೇಂಗಾ ಅಲರ್ಜಿ ಜೀವಕ್ಕೇ ಬರುತ್ತದೆ. ಶೇಂಗಾ ಹಿಂಡಿ (ಚಟ್ನಿ ಪುಡಿ) ತೆಗೆದುಕೊಂಡು ಹೋದರೂ ಅಷ್ಟೇ, ಮೊದಲು ಕೇಳಿ, ಆಮೇಲೆ ಬಡಿಸಿ.