ರಕ್ತ ಕಮ್ಮಿ ಅಂತ ಬೀಟ್‌ರೂಟ್ ಹಿಂಡಿ ಕುಡಿಯುವವರಿಗೆ

ಹಿಮೋಗ್ಲೋಬಿನ್ 9 ಇದೆ ಅಂತ ಚೀಟಿ ಬಂದ ಕೂಡಲೇ ನಮ್ಮ ಹುಡುಗೀರು ಬೀಟ್‌ರೂಟ್ ತಂದು ಮಿಕ್ಸಿಗೆ ಹಾಕುತ್ತಾರೆ, ದಾಳಿಂಬೆ ಬಿಡಿಸುತ್ತಾ ಕೂರುತ್ತಾರೆ. ಕೆಂಪಗಿದ್ದ ಮಾತ್ರಕ್ಕೆ ಅದು ರಕ್ತ ಆಗುತ್ತದೇನ್ರೇ? 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಇಲ್ಲ. ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 4 ಮಿಲಿಗ್ರಾಂ ಇದೆ, ಹುರುಳಿಕಾಳಿನಲ್ಲಿ ಇನ್ನೂ ಜಾಸ್ತಿ. ಮನೆಯ ಡಬ್ಬದಲ್ಲಿ ಇರುವುದನ್ನು ಬಿಟ್ಟು ಅಂಗಡಿಗೆ ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ನಾನು ಹುಟ್ಟಿದ್ದು ಅರಸೀಕೆರೆ ಕಡೆ, ರಾಗಿ ಹುರುಳಿ ಬೆಳೆಯುವ ನೆಲ. ಮದುವೆಯಾಗಿ ಬಂದದ್ದು ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ. ಇಲ್ಲಿ ಊಟದ ಎಲೆ ತೆಗೆಯುವ ಮೊದಲೇ ಕಾಫಿ ಲೋಟ ಬರುತ್ತದೆ. ಅಲ್ಲೇ ಇರುವುದು ತೊಂದರೆ. ಸೊಪ್ಪು, ಕಾಳು, ಮುದ್ದೆ ಎಲ್ಲಾ ತಿಂದು ಮೇಲೆ ಕಾಫಿಯನ್ನೋ ಟೀಯನ್ನೋ ಕುಡಿದರೆ ಅದರ ಒಗರು ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಟೀ ಅಂತೂ ಕಾಫಿಗಿಂತ ಕೆಟ್ಟದ್ದು. ಕಾಫಿ ಬಿಡಿ ಅಂತ ಚಿಕ್ಕಮಗಳೂರಿನಲ್ಲಿ ಕೂತು ನಾನು ಹೇಳುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಕುಡಿಯಿರಿ, ಇಲ್ಲವೇ ಉಂಡು ಎರಡು ಗಂಟೆ ಕಳೆಯಲಿ. ತಿಂಡಿ ಜೊತೆ ಕಾಫಿ ಬೇಕೇ ಬೇಕು ಅನ್ನುವವರು ಸೊಪ್ಪನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಆಗಲಾದರೂ ಲೋಟ ಮುಟ್ಟಬೇಡಿ.

ಇನ್ನು ನುಗ್ಗೆಸೊಪ್ಪಿನ ಪಲ್ಯ. ಇದನ್ನು ಸರಿಯಾಗಿ ಮಾಡುವವರನ್ನು ಈಚೆಗೆ ನಾನು ಕಂಡೇ ಇಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸಂಜೆ ಕೊಂಬೆ ಮುರಿದು ತಂದು ತೊಳೆಯದೆ ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ ಮೂಲೆಯಲ್ಲಿಡಿ. ಬೆಳಿಗ್ಗೆ ಬಿಚ್ಚಿ ಕೊಡವಿದರೆ ಎಲೆ ತಾನಾಗಿ ಉದುರುತ್ತದೆ. ಒಂದೊಂದೇ ಎಲೆ ಕೀಳುತ್ತಾ ಮೊಬೈಲ್ ನೋಡುವವರಿಗೆ ಇದು ಗೊತ್ತಿಲ್ಲ, ಅರ್ಧ ಕಡ್ಡಿಯನ್ನೂ ಸೇರಿಸಿ ಬೇಯಿಸಿ ಆಮೇಲೆ ನಾರು ಅಂತ ಗೊಣಗುತ್ತಾರೆ. ಅಂದ ಹಾಗೆ ಆ ಪಂಚೆ ಬಟ್ಟೆಗೆ ವಾಸನೆಯ ಸೋಪು ಹಾಕಬೇಡಿ, ಕುದಿಯುವ ನೀರಲ್ಲಿ ಅದ್ದಿ ಹಿಂಡಿ. ಮಳೆಗಾಲದಲ್ಲಿ ಬಿಸಿಲು ಕಾಯಬೇಡಿ, ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ ಒಣಗಿಸಿ. ಒದ್ದೆ ಬಟ್ಟೆಯನ್ನು ಅಡುಗೆಮನೆಯಲ್ಲಿ ಮುದ್ದೆ ಮಾಡಿ ಬಿಸಾಡುವವರ ಕೈಯ ಊಟ ನನಗೆ ಸೇರುವುದಿಲ್ಲ.

ಹುರುಳಿಕಾಳು ಹಿಂದಿನ ದಿನವೇ ನೆನೆದು ಮೊಳಕೆ ಕಟ್ಟಿರಬೇಕು. ಮೊಳಕೆ ಬಂದರೆ ಕಾಳಿನ ಕಬ್ಬಿಣಾಂಶ ಸುಲಭವಾಗಿ ಹತ್ತುತ್ತದೆ. ಕಾಳು ಬೇರೆ ಬೇಯಿಸಿಕೊಳ್ಳಿ. ಪಲ್ಯ ಮಾತ್ರ ಕಬ್ಬಿಣದ ಬಾಣಲೆಯಲ್ಲೇ ಆಗಬೇಕು, ನಾನ್‌ಸ್ಟಿಕ್ ಬೇಡ. ನಮ್ಮತ್ತೆ ಇಟ್ಟಿದ್ದ ಬಾಣಲೆ ಎತ್ತಲು ಎರಡು ಕೈ ಬೇಕಿತ್ತು. ಬಾಣಂತಿಗೆ, ಹೊಸದಾಗಿ ದೊಡ್ಡವಳಾದ ಹುಡುಗಿಗೆ ಏನೇ ಬೇಯಿಸಿದರೂ ಅದರಲ್ಲೇ. ಹೊಸ ಬಾಣಲೆ ತಂದರೆ ಮೊದಲು ಪಳಗಿಸಿ: ಉಜ್ಜಿ ತೊಳೆದು, ಗಂಜಿ ನೀರು ಹುಯ್ದು ರಾತ್ರಿಯಿಡೀ ಬಿಟ್ಟು, ಮತ್ತೆ ತೊಳೆದು, ಒಲೆ ಮೇಲೆ ಒಣಗಿಸಿ ಎಣ್ಣೆ ಸವರಿ. ಎರಡು ಮೂರು ಸಲ ಬರೀ ಈರುಳ್ಳಿ ಹುರಿದು ಬಿಸಾಡಿ. ಆಮೇಲೆ ಅಡುಗೆಗೆ. ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿ, ಒಂದು ಹುಳಿ ಟೊಮೆಟೊ. ಹುಳಿ ಇದ್ದರೆ ಬಾಣಲೆಯ ಕಬ್ಬಿಣ ಅಡುಗೆಗೆ ಇಳಿಯುತ್ತದೆ, ಅದಕ್ಕೇ ಟೊಮೆಟೊ ಬಿಡಬಾರದು. ಸೊಪ್ಪು ಹಾಕಿ ಬಾಡಿಸಿ, ಕಾಳು ಸೇರಿಸಿ, ಕೈಯಳತೆಗೆ ಉಪ್ಪು ಹಾಕಿ ಬೇಯಿಸಿ. ಆದ ತಕ್ಷಣ ಸ್ಟೀಲ್ ಪಾತ್ರೆಗೆ ಬಗ್ಗಿಸಿ, ಬಾಣಲೆಯಲ್ಲೇ ಬಿಟ್ಟರೆ ಕಪ್ಪಾಗಿ ಕಿಲುಬು ರುಚಿ ಬರುತ್ತದೆ. ಉಣ್ಣುವಾಗ ಮೇಲೆ ನಿಂಬೆಹಣ್ಣು ಹಿಂಡಿ. ಒಲೆ ಮೇಲಿರುವಾಗ ಹಿಂಡಿದರೆ ಬಿಸಿಗೆ ವಿಟಮಿನ್ ಸಿ ಹೋಗುತ್ತದೆ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಆ ಹುಳಿಯೇ ಬೇಕು. ಬಾಣಲೆ ತೊಳೆದು ಕೂಡಲೇ ಒರೆಸಿ ಎಣ್ಣೆ ಕೈ ಆಡಿಸಿ. ಸಿಂಕಿನಲ್ಲಿ ನೆನೆಹಾಕಿ ತುಕ್ಕು ಹಿಡಿಸುವವರಿಗೆ ನಾನು ಬಾಣಲೆ ಕೊಡುವುದೇ ಇಲ್ಲ. ಒಂದು ಮಾತು: ಥಲಸ್ಸೀಮಿಯಾ ಅನ್ನುವ, ವಂಶದಲ್ಲಿ ಬರುವ ರಕ್ತದ ಕಾಯಿಲೆ ಇರುವ ಮನೆಯವರು ಡಾಕ್ಟರನ್ನು ಕೇಳದೆ ಬಾಣಲೆಯನ್ನಾಗಲಿ ಐರನ್ ಮಾತ್ರೆಯನ್ನಾಗಲಿ ಹಿಡಿಯಬೇಡಿ, ಅವರಿಗೆ ಕಬ್ಬಿಣ ಜಾಸ್ತಿಯಾಗಿಯೇ ಕೆಡಬಹುದು.

ಮಾಂಸ ತಿನ್ನುವವರಿಗೆ ಲಿವರ್ ಒಳ್ಳೆಯದು, ಅದರ ಕಬ್ಬಿಣಾಂಶ ಬೇಗ ಹತ್ತುತ್ತದೆ. ಆದರೆ ಬಸುರಿಯರಿಗೆ ಬೇಡ, ಅದರಲ್ಲಿ ವಿಟಮಿನ್ ಎ ಜಾಸ್ತಿ. ಸಸ್ಯಾಹಾರಿಗಳು ಹಾಲು ಮೊಸರು ಬಿಡಬೇಡಿ, ರಕ್ತಕ್ಕೆ ಬೇಕಾದ ಇನ್ನೊಂದು ವಿಟಮಿನ್ ಬಿ12 ಸೊಪ್ಪಿನಲ್ಲಿ ಸಿಗುವುದಿಲ್ಲ.

ಎಷ್ಟು ತಿಂದರೂ ಏರದಿದ್ದರೆ ಹೊಟ್ಟೆಹುಳ ನೋಡಿ. ಕಾಫಿ ಕುಯ್ಲಿನ ಕಾಲದಲ್ಲಿ ಬರಿಗಾಲಲ್ಲಿ ತೋಟ ತಿರುಗುತ್ತಿದ್ದ ಹೆಂಗಸರ ಮುಖ ಬಿಳಿಚಿಕೊಂಡಿರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕೊಕ್ಕೆಹುಳ ಮಣ್ಣಿನಿಂದ ಅಂಗಾಲು ಕೊರೆದು ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ತೂತು ಕೊಡಕ್ಕೆ ನೀರು ಹುಯ್ದ ಹಾಗೆ, ಎಷ್ಟು ಸೊಪ್ಪು ತಿಂದರೇನು? ಚಪ್ಪಲಿ ಹಾಕಿ, ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳು ಚೀಪಿ ಉಗಿಯದಂತೆ ನೋಡಿಕೊಳ್ಳಿ. ತಿಂಗಳ ಮುಟ್ಟು ವಾರಗಟ್ಟಲೆ ಹೋಗುತ್ತಿದ್ದರೂ ಅದೇ ಕಥೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಜಿಮ್ಮಿನ ಗೀಳು ಇನ್ನೊಂದು. ರಕ್ತ ಕಮ್ಮಿ ಇರುವಾಗ ಭಾರ ಎತ್ತಿ ತಲೆ ತಿರುಗಿ ಬೀಳಬೇಡಿ. ಮೊದಲು ಚಪ್ಪಟೆ ರಸ್ತೆಯಲ್ಲಿ, ಮಾತಾಡಿಕೊಂಡು ನಡೆಯುವಷ್ಟು ನಡೆಯಿರಿ. ಏದುಸಿರು ಬಂದರೆ ನಿಲ್ಲಿ. ರಕ್ತ ಏರಿದ ಮೇಲೆ ದಿಣ್ಣೆ ಹತ್ತಿ.

ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಅಳೆಯುವುದು ನಮ್ಮಜ್ಜಿ ಕಾಲಕ್ಕೆ ಸಾಕಿತ್ತು, ಈಗ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟೆಸ್ಟ್ ಮಾಡಿಸಿ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಬಸುರಿಯರಿಗೆ 11, ಗಂಡಸರಿಗೆ 13ಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತ ಲೆಕ್ಕ. ಆಶಾ ಕಾರ್ಯಕರ್ತೆ ಕೊಡುವ ಐರನ್ ಮಾತ್ರೆಯನ್ನು ಕಪಾಟಿಗೆ ಸೇರಿಸಬೇಡಿ. ಬಸುರಿಯರಿಗೆ ಕೆಂಪು ಮಾತ್ರೆ ದಿನಕ್ಕೊಂದು, 180 ದಿನ. ಶಾಲೆ ಹುಡುಗಿಯರಿಗೆ ನೀಲಿ, ವಾರಕ್ಕೊಂದು. ನಿಂಬೆ ನೀರಲ್ಲಿ ನುಂಗಿ. ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ. ವಾಕರಿಕೆ ಬಂದರೆ ರಾತ್ರಿ ಉಂಡ ಮೇಲೆ ತಗೊಳ್ಳಿ. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ, ಅದು ಮಾತ್ರೆಯದ್ದು. ವಾರಕ್ಕೇ ಮತ್ತೆ ಟೆಸ್ಟಿಗೆ ಓಡಬೇಡಿ, ತಿಂಗಳು ಬಿಟ್ಟು ನೋಡಿ. ನಂಬರ್ ಸರಿಯಾದ ಮೇಲೂ ಡಾಕ್ಟರ್ ಹೇಳಿದಷ್ಟು ತಿಂಗಳು ಮುಂದುವರಿಸಿ, ಮೈಯೊಳಗಿನ ದಾಸ್ತಾನು ತುಂಬಬೇಕಲ್ಲ.

ಮನೆಯ ಗಂಡಸರಿಗೋ ಮುಟ್ಟು ನಿಂತ ಹೆಂಗಸರಿಗೋ ರಕ್ತ ಕಮ್ಮಿ ಅಂದರೆ ಮಾತ್ರ ಪಲ್ಯ ಮಾಡಿಕೊಟ್ಟು ಸುಮ್ಮನಿರಬೇಡಿ. ಹೊಟ್ಟೆಯಲ್ಲೋ ಕರುಳಲ್ಲೋ ರಕ್ತ ಸೋರುತ್ತಿರಬಹುದು, ಅದೇ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.