ಮುಷ್ಟಿ ಹೊರಡುವ ಮೊದಲಿನ 15 ಚಿತ್ರಗಳು

ವಯಸ್ಸು 38 ದಾಟಿದ ಮೇಲೆ ಗ್ಯಾಕು ಝುಕಿ, ಅಂದರೆ ಕರಾಟೆಯಲ್ಲಿ ಹಿಂದಿನ ಕೈಯಿಂದ ಹೊಡೆಯುವ ನೇರ ಗುದ್ದು, ಚುರುಕಾಗುವುದಿಲ್ಲ ಎಂದು ನಮ್ಮ ಡೋಜೋದ (ಅಭ್ಯಾಸ ಶಾಲೆಯ) ಹಿರಿಯರೊಬ್ಬರು ನನ್ನ ಮುಖಕ್ಕೇ ಹೇಳಿದ್ದರು. ಎರಡು ವರ್ಷಗಳ ಬಳಿಕ ಅವರೇ ನನ್ನೆದುರು ಕುಮಿತೆಗೆ, ಅಂದರೆ ಜೋಡಿ ಕಾಳಗಕ್ಕೆ, ನಿಂತು, ಮೂರು ಸಲ ಎದೆಗೆ ಏಟು ತಗಲಿಸಿಕೊಂಡು, "ಅದು ಯಾವಾಗ ಹೊರಟಿತು?" ಎಂದು ಕೇಳಿದರು. ಆ ಮಾತು ಕೇಳಲು ನಾನು ಕಳೆದುಕೊಂಡದ್ದು ಕಡಿಮೆಯೇನಲ್ಲ.

ಮೊದಲ ವರ್ಷವಿಡೀ ವ್ಯರ್ಥ. ಎರಡು ಕಿಲೋ ಡಂಬೆಲ್ ಹಿಡಿದು ಸಾವಿರಗಟ್ಟಲೆ ಹೊಡೆದೆ. ಭಾರ ಎಳೆಯುವುದು ನೆಲಕ್ಕೆ, ಏಟು ಹೋಗಬೇಕಾದದ್ದು ಮುಂದಕ್ಕೆ. ಹೆಗಲು ಬಿಗಿಯಾಯಿತೇ ಹೊರತು ವೇಗ ಬರಲಿಲ್ಲ. ಆಮೇಲೆ ರಬ್ಬರ್ ಪಟ್ಟಿ. ಕೈ ಚಾಚಿದಷ್ಟೂ ಅದರ ಎಳೆತ ಹೆಚ್ಚಿ, ಏಟಿನ ಕೊನೆಯಲ್ಲಿ ಕೈ ನಿಧಾನವಾಗುವುದನ್ನೇ ಕಲಿಯಿತು. ಪಟ್ಟಿ ಬಿಚ್ಚಿ ಗಾಳಿಗೆ ಪೂರ್ಣ ಬಲದಿಂದ ಹೊಡೆದು ಮೊಣಕೈ ಉಳುಕಿಸಿಕೊಂಡೆ. ಮೂರು ತಿಂಗಳ ಫಿಸಿಯೋಥೆರಪಿ. ಮಿನುಗಿದೊಡನೆ ಮುಟ್ಟುವ ದೀಪಗಳಿಗಂತೂ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಸುರಿದೆ. ದೀಪ ಮುಟ್ಟುವುದರಲ್ಲಿ ಪಳಗಿದೆ. ಕುಮಿತೆಯಲ್ಲಿ ಎಂದಿನಂತೆ ತಡ.

ತಪ್ಪು ಕಂಡದ್ದು ಕಿಸೆಯಲ್ಲೇ ಇದ್ದ ಮೊಬೈಲಿನಲ್ಲಿ. ಸೆಕೆಂಡಿಗೆ 240 ಚಿತ್ರಗಳಂತೆ ತೆಗೆದರೆ ಒಂದು ಚಿತ್ರ ನಾಲ್ಕು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ದೀಪ ಹೊತ್ತಿದಾಗಿನಿಂದ ಮೈ ಅಲುಗುವವರೆಗೆ ಸುಮಾರು 50 ಚಿತ್ರಗಳು. ಅಲ್ಲಿಂದ ಪ್ಯಾಡ್ ಮುಟ್ಟುವವರೆಗೆ 58ರ ಆಸುಪಾಸು. ಆ 58ರ ಮೊದಲ 15 ಚಿತ್ರಗಳಲ್ಲಿ ಮುಷ್ಟಿ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ! ಹೆಗಲು ಮೇಲೇಳುತ್ತಿತ್ತು, ಮೊಣಕೈ ಹೊರಕ್ಕೆ ಸರಿಯುತ್ತಿತ್ತು, ಮುಷ್ಟಿ ಎರಡು ಬೆರಳಿನಷ್ಟು ಹಿಂದಕ್ಕೆ ಜಾರುತ್ತಿತ್ತು. ಹೊಡೆಯುತ್ತೇನೆಂದು ಎದುರಾಳಿಗೆ ನಾನೇ ಡಂಗುರ ಸಾರುತ್ತಿದ್ದೆ.

ಮದ್ದು ಸರಳ. ಹಿಂದಿನ ಮೊಣಕೈ ಗೋಡೆಗೆ ಕೂದಲೆಳೆಯಷ್ಟು ದೂರದಲ್ಲಿರುವಂತೆ ನಿಂತು ಹೊಡೆಯಬೇಕು; ಕೈ ಹಿಂದಕ್ಕೆ ಸರಿದರೆ ಗೋಡೆಯೇ ಹೇಳುತ್ತದೆ. ಕೊನೆಯ ಗೇಣಿನವರೆಗೂ ಮುಷ್ಟಿ ಬಿಗಿಯಬಾರದು. ಮೊದಲೇ ಬಿಗಿದರೆ ತೋಳಿನ ಮುಂಭಾಗದ ಸ್ನಾಯುವೂ ಬಿಗಿದು ಕೈಗೆ ಬ್ರೇಕ್ ಹಾಕುತ್ತದೆ. ಹಿಂಗಾಲು, ಸೊಂಟ, ಹೆಗಲು, ಮುಷ್ಟಿ ಎಂಬ ಕ್ರಮವನ್ನು ನಾನು ಬಿಡಲಿಲ್ಲ; ಅವುಗಳ ನಡುವಿನ ವಿರಾಮವನ್ನು ಕುಗ್ಗಿಸಿದೆ. ಅದಕ್ಕೆ ಬಳಸುವ ಉಸಿರಿನ ಲೆಕ್ಕ ನನ್ನ ಬಳಿಯೇ ಇರಲಿ.

ಎಂಟು ತಿಂಗಳಲ್ಲಿ 58 ಇದ್ದದ್ದು 40ಕ್ಕೆ ಇಳಿಯಿತು. ಮೊದಲಿನ 50 ಮಾತ್ರ ಅಲ್ಲೇ ಉಳಿಯಿತು. ಹಿರಿಯರ ಮಾತಿನಲ್ಲಿ ಅಷ್ಟು ಸತ್ಯವಿತ್ತು.

ನಡುವೆ ಕುತೂಹಲಕ್ಕೆ ದೀಪದ ಬದಲು ಚಪ್ಪಾಳೆಗೆ ಹೊಡೆದು ನೋಡಿದೆ. ಏಳೆಂಟು ಚಿತ್ರಗಳಷ್ಟು ಬೇಗ ಹೊರಟೆ! ಕಿವಿಯ ದಾರಿ ಕಣ್ಣಿನದಕ್ಕಿಂತ ಚುರುಕು. ಗುರುಗಳ (ಸೆನ್ಸೈ) ಎಣಿಕೆಗೆ ಹೊಡೆಯುವಾಗ ನಾವೆಲ್ಲ ಮಿಂಚಿನಂತೆ ಕಾಣುವುದಕ್ಕೆ ಇದೂ ಒಂದು ಕಾರಣವಿರಬೇಕು. ಎದುರಾಳಿ ಎಣಿಸಿ ಹೊಡೆಯುವುದಿಲ್ಲವಲ್ಲ. ಇನ್ನೊಮ್ಮೆ ಎರಡು ದೀಪ ಇಟ್ಟು, ಎಡಕ್ಕೊಂದು ಏಟು, ಬಲಕ್ಕೊಂದು ಏಟು ಎಂದು ಗೊತ್ತುಮಾಡಿಕೊಂಡೆ. ಆಯ್ಕೆ ಬಂದೊಡನೆ 15-20 ಚಿತ್ರಗಳು ಹೆಚ್ಚಾದವು. ಎಂಟು ತಿಂಗಳ ಗಳಿಕೆ ಅಷ್ಟರಲ್ಲೇ ಕರಗಿತು.

ಅಂದಿನಿಂದ ಕುಮಿತೆಯಲ್ಲಿ ಎಲ್ಲ ದಾಳಿಗಳಿಗೂ ಕಾಯುವುದನ್ನು ಬಿಟ್ಟೆ. ಕಾವಲಿನಲ್ಲಿ ಬೇಕೆಂದೇ ಒಂದೇ ಬಾಗಿಲು ತೆರೆದಿಡುತ್ತೇನೆ, ಅದಕ್ಕೊಂದೇ ಉತ್ತರ ಸಿದ್ಧವಿರುತ್ತದೆ. ಕಣ್ಣು ಎದುರಾಳಿಯ ಮುಷ್ಟಿಯ ಮೇಲಲ್ಲ, ಎದೆಯ ಮೇಲೆ. ಮುಂಗಾಲು ಓರೆಯಲ್ಲಿ ಕಾಣುತ್ತಿರಬೇಕು. ಆ ಕಾಲಿನ ಯಾವ ಅಲುಗಾಟಕ್ಕೆ ಹೊರಡುತ್ತೇನೆ ಎಂಬುದನ್ನು ಬರೆಯಲಾರೆ, ಇನ್ನೂ ಸ್ಪರ್ಧೆಗಳಿವೆ.

ಈಗ ಕಿಝಾಮಿ ಝುಕಿಯ, ಅಂದರೆ ಮುಂದಿನ ಕೈಯ ಗುದ್ದಿನ, ಸರದಿ. ಅಲ್ಲಿ ವ್ಯರ್ಥವಾಗುವುದು ಆರೇ ಚಿತ್ರಗಳು, ಆದರೆ ನಲವತ್ತು ಏಟುಗಳಾದ ಮೇಲೆ ಎಡ ಹೆಗಲು ಮತ್ತೆ ಮೇಲೇಳುತ್ತದೆ. ಎದ್ದ ದಿನ ಅಲ್ಲಿಗೇ ನಿಲ್ಲಿಸುತ್ತೇನೆ.