ಗಾಜಿಗೆ ಅಂಟಿದ್ದ ಫೋಟೊ ಬಿಡಿಸಿದ ನನ್ನ ಅನುಭವ

ಗಾಜಿಗೆ ಅಂಟಿದ ಫೋಟೊವನ್ನು ನೀರಿಗೆ ಹಾಕುತ್ತೇನೆಂದಾಗ ಅಣ್ಣನೂ ಸೇರಿ ಮನೆಯವರೆಲ್ಲ ತಡೆದರು. ಅದು 1974ರಲ್ಲಿ ಅಮ್ಮನ ಪಾಸ್‌ಪೋರ್ಟಿಗೆಂದು ಮಂಗಳೂರಿನಲ್ಲಿ ತೆಗೆಸಿದ ಚಿತ್ರ. ಆಗ ಮಕ್ಕಳನ್ನೂ ತಾಯಿಯ ಪಾಸ್‌ಪೋರ್ಟಿನಲ್ಲೇ ಸೇರಿಸುತ್ತಿದ್ದುದರಿಂದ ಅಮ್ಮನ ಎಡಬಲಕ್ಕೆ ನಾವಿಬ್ಬರೂ ಇದ್ದೇವೆ. ಅದರ ದೊಡ್ಡ ಪ್ರತಿಗೆ ಅಜ್ಜ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದರು. ಐವತ್ತು ಮಳೆಗಾಲದ ತೇವಕ್ಕೆ ಚಿತ್ರ ಗಾಜನ್ನು ಕಚ್ಚಿಕೊಂಡಿತ್ತು. ಅದರ ಬೆನ್ನಿನಲ್ಲಿ ಅಜ್ಜ ಏನೋ ಬರೆದಿದ್ದರೆಂದು ಅಮ್ಮ ಹೇಳುತ್ತಿದ್ದರು; ಆ ಬೆನ್ನೋ ರಟ್ಟಿಗೆ ಮೈದಾ ಅಂಟಿನಲ್ಲಿ ಕೂತಿತ್ತು.

ಮೊದಲು ಹೋದದ್ದು ದುಡ್ಡು. ಗಾಜಿನ ಮೇಲಿನಿಂದಲೇ ಸ್ಕ್ಯಾನ್ ಮಾಡಿ ಹೊಸದಾಗಿಸಿ ಕೊಡುತ್ತೇವೆಂದವರು ನಾಲ್ಕು ಸಾವಿರದಷ್ಟು ಪಡೆದು ಸಿನಿಮಾ ನಟಿಯಂಥ ಯಾರನ್ನೋ ಕೊಟ್ಟರು. ಅಮ್ಮನ ಎಡಗಣ್ಣಿನ ಕೆಳಗಿನ ಮಚ್ಚೆಯೇ ಅಲ್ಲಿರಲಿಲ್ಲ. ಆಮೇಲೆ ನಾನೇ ಕೈಹಾಕಿದೆ. ಅಭ್ಯಾಸಕ್ಕೆಂದು ಮಾವನ ಮದುವೆಯ ಚಿತ್ರವನ್ನು ಬಿಸಿನೀರಿನಲ್ಲಿಟ್ಟೆ. ಚಿತ್ರವನ್ನು ಹಿಡಿದಿಡುವ ಜೆಲಾಟಿನ್ ಪದರ ಕರಗಿ ಮಾವನ ಮುಖ ಗಾಜಿನಲ್ಲೇ ಉಳಿಯಿತು. ಅತ್ತೆಗೆ ಇನ್ನೂ ಹೇಳಿಲ್ಲ. ಎರಡನೆಯದು ಬೋರ್‌ವೆಲ್ ನೀರಿನಲ್ಲಿ ಬಿಟ್ಟಿತಾದರೂ ಒಣಗಿದ ಮೇಲೆ ಮೈತುಂಬ ಬಿಳಿ ಕಲೆ.

ಕೊನೆಗೆ ಬ್ಯಾಟರಿ ಅಂಗಡಿಯಿಂದ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ತಂದೆ, ಇನ್ನೂರು ರೂಪಾಯಿಯೊಳಗೇ ಆಯಿತು. ಮೊದಲು ಗಾಜಿನ ಸಮೇತ ಸ್ಕ್ಯಾನ್ ಮಾಡಿಟ್ಟುಕೊಂಡು, ತಣ್ಣಗಿನ ಆ ನೀರಿಗೆ ವೆಟಿಂಗ್ ಏಜೆಂಟ್ (ನೀರು ಸಂದಿಗಳಿಗೆ ಸಲೀಸಾಗಿ ಹರಡುವಂತೆ ಮಾಡುವ ದ್ರವ) ಬಿಟ್ಟು, ಗಾಜು ಅಡಿಗೆ ಬರುವಂತೆ ಮುಳುಗಿಸಿದೆ. ಎಷ್ಟು ಹನಿ ಎಂಬುದನ್ನೂ ಆಮೇಲೆ ಚಿತ್ರ ಸುರುಳಿಯಾಗದಂತೆ ಒಣಗಿಸಿದ ಬಗೆಯನ್ನೂ ನಾನು ಹೇಳುವುದಿಲ್ಲ. ರಟ್ಟು ಅರ್ಧ ಗಂಟೆಯಲ್ಲಿ ಬಿಟ್ಟಿತು. ಚಿತ್ರ ಮಾತ್ರ ಎರಡು ಗಂಟೆಯಾದರೂ ಅಲುಗಲಿಲ್ಲ; ಚಾಕು ಕೈಗೆತ್ತಿಕೊಂಡವನು ಮತ್ತೆ ಕೆಳಗಿಟ್ಟೆ. ಮೂರೂವರೆ ಗಂಟೆಯ ಹೊತ್ತಿಗೆ ಒಂದು ಮೂಲೆಯಲ್ಲಿ ನೀರು ಗೆರೆಯಾಗಿ ಒಳನುಸುಳಿ, ನನ್ನ ಬಾಲ್ಯದ ಕಿವಿಯನ್ನು ದಾಟಿ, ಅಮ್ಮನ ಸೆರಗಿನವರೆಗೆ ಹರಿಯಿತು. ಮರುಕ್ಷಣವೇ ಚಿತ್ರ ತಾನಾಗಿ ಜಾರಿ ಬಂತು, ಮಚ್ಚೆಯ ಸಮೇತ.

ಈ ನಡುವೆ ಬಹರೈನಿನಿಂದ ತಂದಿದ್ದ ಅಂಟು ಆಲ್ಬಮ್ಮಿನ ಬಣ್ಣದ ಚಿತ್ರಗಳನ್ನೂ ಡೆಂಟಲ್ ಫ್ಲಾಸ್‌ನಿಂದ ಗರಗಸದಂತೆ ಕೊಯ್ದು ಬಿಡಿಸಿದೆ. ಎಲ್ಲವೂ ಕೆಂಪಗಾಗಿದ್ದವು. ಸ್ಕ್ಯಾನಿನಲ್ಲಿ ಮಾಸಿದ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣವನ್ನು ಎಷ್ಟು ಎತ್ತಿದರೂ, ಬೊಂಬಾಯಿಯಿಂದ ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದ ‘ದ್ವಾರಕಾ’ ಹಡಗಿನ ಡೆಕ್ಕಿನಲ್ಲಿ ಕುಳಿತ ನಮ್ಮ ಹಿಂದಿನ ಸಮುದ್ರ ನೀಲಿಯಾಗಲಿಲ್ಲ.

ಅಜ್ಜ ಬರೆದದ್ದು ಪೆನ್ಸಿಲ್ಲಿನಲ್ಲಿ, ಶಾಯಿಯಾಗಿದ್ದರೆ ಕದಡಿಹೋಗುತ್ತಿತ್ತು. ನಾವು ಊರು ಬಿಟ್ಟ ದಿನ ಜಡಿಮಳೆಯೆಂದು ನನ್ನ ನೆನಪು, ಸುಡುಬಿಸಿಲೆಂದು ಅಣ್ಣನ ವಾದ. ಬೆನ್ನಿನಲ್ಲಿ ‘ಕಾರ್ತೆಲ್ 28, ಬೊಂಬಾಯಿಗೆ ಹೊರಟರು, ಆಟಿಗೆ ನಾಲ್ಕು ದಿನವಿದೆ’ ಎಂದಿತ್ತು. ಕಾರ್ತೆಲ್ ಎಂದರೆ ಜೂನ್-ಜುಲೈ ನಡುವಿನ ತುಳು ತಿಂಗಳು, ಅದರ ಮುಂದಿನದು ಆಟಿ. ಕಾರ್ತೆಲಿನ ಕೊನೆಗೆ ನಮ್ಮೂರಿನಲ್ಲಿ ಬಿಸಿಲೆಲ್ಲಿಂದ ಬರಬೇಕು? ಅಣ್ಣ ಒಪ್ಪಿಕೊಂಡಿಲ್ಲ, ಆದರೆ ಕಳೆದ ವಾರ ತನ್ನ ಮಾವನ ಮನೆಯ ಕಟ್ಟು ಹಾಕಿದ ಎರಡು ಫೋಟೊಗಳನ್ನು ತಂದಿಟ್ಟು ಹೋಗಿದ್ದಾನೆ. ಈ ಸಲದ ನೀರಿನ ದುಡ್ಡು ಅವನದೇ.